ಸೈಕಾಲಜಿಸ್ಟ್‌ರನ್ನು ತಿದ್ದುವವರು ಯಾರು?

(ಮೈಸೂರಿನಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಹೊಸದಾಗಿ ವೃತ್ತಿಗೆ ಬಂದ ಆಪ್ತಸಮಾಲೋಚಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನಶ್ಶಾಸ್ತ್ರ ಓದುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಎಂ.ಎಸ್ಸಿ. ಮುಗಿದ ಮೇಲೆ ಮುಂದೇನು’ ಎಂಬುದರ ಸುತ್ತಲೇ ಇರುತ್ತವೆ. ಅದಕ್ಕೆ ಉತ್ತರ ಬೇಕು. ತಪ್ಪು ಕೋರ್ಸಿಗೆ ಸೇರಿದರೆ ಎರಡು ವರ್ಷವೂ ಹೋಗುತ್ತದೆ, ಮನೆಯವರು ಕೂಡಿಟ್ಟ ಹಣವೂ ಹೋಗುತ್ತದೆ. ಹಾಗಾಗಿ ಆ ಭಾಗವನ್ನು ಮೊದಲೇ ಮುಗಿಸುತ್ತೇನೆ. ಉಳಿದ ಹೊತ್ತನ್ನು ಅಷ್ಟಾಗಿ ಯಾರೂ ಕೇಳದ ಇನ್ನೊಂದು ಪ್ರಶ್ನೆಗೆ ಇಟ್ಟುಕೊಂಡಿದ್ದೇನೆ: ಪ್ರಮಾಣಪತ್ರ ಕೈಗೆ ಬಂದ ಮೇಲೆ, ಬಾಗಿಲು ಮುಚ್ಚಿದ ಕೋಣೆಯೊಳಗೆ ನಾವು ಮಾಡುವ ಕೆಲಸವನ್ನು ನೋಡುವವರು ಯಾರು, ತಿದ್ದುವವರು ಯಾರು?

ಮೈಸೂರಿಗೆ ಈ ಶಾಸ್ತ್ರ ನೂರು ವರ್ಷ ಹಳೆಯದು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ವಿಶ್ವವಿದ್ಯಾನಿಲಯವಿರುವ ಮಾನಸಗಂಗೋತ್ರಿಯಲ್ಲಿ ಇವತ್ತು ಓದುತ್ತಿರುವವರು ಆ ಸಾಲಿನವರು. ಮಾನಸಗಂಗೋತ್ರಿಯಲ್ಲೇ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ಮಾತು ತಡವಾದ ಮಗುವಿಗೆ ಇರುವ ತೊಂದರೆ ಕಿವಿಯದೋ, ಬುದ್ಧಿಯ ಬೆಳವಣಿಗೆಯದೋ, ಆಟಿಸಮ್ಮೋ ಎಂದು ಬೇರೆ ಬೇರೆ ವಿಭಾಗದವರು ಕೂತು ನೋಡುವ ಜಾಗ ಅದು. ವಿದ್ಯಾರ್ಥಿಗಳಾಗಿದ್ದಾಗ ಅಂಥ ತಂಡದ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಈಗ ದಾರಿಯ ವಿಷಯ. ಬರೀ ಎಂ.ಎ. ಅಥವಾ ಎಂ.ಎಸ್ಸಿ. ಮನಶ್ಶಾಸ್ತ್ರ ಮುಗಿಸಿದ ಮಾತ್ರಕ್ಕೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕುವಂತಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕ್ಲಿನಿಕಲ್ ತರಬೇತಿ ಮುಗಿಸಿ ಅದರ ಕೇಂದ್ರ ಪಟ್ಟಿಯಲ್ಲಿ ನೋಂದಣಿಯಾಗಬೇಕು. ಬಹುಕಾಲ ಇದಕ್ಕಿದ್ದ ಹೆದ್ದಾರಿ ಎರಡು ವರ್ಷದ ಎಂ.ಫಿಲ್. ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಎಂ.ಫಿಲ್. ಪದವಿಯನ್ನೇ ಕೈಬಿಟ್ಟ ಮೇಲೂ ಕ್ಲಿನಿಕಲ್ ಸೈಕಾಲಜಿಗೆ 2025-26ರ ಸಾಲಿನ ತನಕ ವಿನಾಯಿತಿ ಕೊಟ್ಟಿತು. ಇತ್ತ ಆರ್‌ಸಿಐ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಕ್ಲಿನಿಕಲ್ ಸೈಕಾಲಜಿಯಂಥ ಹೊಸ ಕೋರ್ಸುಗಳನ್ನು ತಂದಿದೆ. ನಿಯಮ ಹೀಗೆ ಬದಲಾಗುತ್ತಿರುವಾಗ ಸೀನಿಯರ್‌ಗಳ ಬಾಯಿಮಾತನ್ನೋ ಕಾಲೇಜಿನ ಕರಪತ್ರವನ್ನೋ ನಂಬಿ ಫೀಸು ಕಟ್ಟಬೇಡಿ. ಆರ್‌ಸಿಐ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆ ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂಬುದು, ಈ ಮೂರನ್ನೂ ನೀವೇ ನೋಡಿ. ಸಂಸ್ಥೆ ಮಾನ್ಯವಾಗಿದ್ದು ನೀವು ಸೇರುವ ಕೋರ್ಸು ಮಾನ್ಯವಾಗಿಲ್ಲದಿರುವುದೂ ಉಂಟು.

ಆಪ್ತಸಮಾಲೋಚನೆಯ ದಾರಿ ಬೇರೆ. ಶಾಲೆ, ಕಾಲೇಜು, ಕುಟುಂಬ ಸಲಹಾ ಕೇಂದ್ರಗಳಲ್ಲಿ ಎಂ.ಎಸ್ಸಿ. ಆದವರಿಗೆ ಕೆಲಸವಿದೆ. ಶಿಕ್ಷಕರಾಗಿದ್ದು ಈ ಕಡೆ ಬರುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿಯ ಒಂದು ವರ್ಷದ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ಇದೆ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಸೈಕಾಲಜಿಸ್ಟ್‌ರನ್ನೂ ತನ್ನ ವ್ಯಾಪ್ತಿಗೆ ತಂದಿರುವುದರಿಂದ, 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕಲಿಸುವುದನ್ನು ಯುಜಿಸಿ ನಿಲ್ಲಿಸಿದೆ. ಮನೆಯಲ್ಲೇ ಕೂತು ಪದವಿ ಮಾಡಿಕೊಳ್ಳುತ್ತೇನೆ ಎಂದುಕೊಂಡಿದ್ದವರು ಇದನ್ನು ಗಮನಿಸಬೇಕು. ಯಾವ ದಾರಿಯಲ್ಲಿ ಬಂದರೂ ನಾವು ಔಷಧಿ ಬರೆಯುವವರಲ್ಲ. ಬಂದವರು ‘ಡಾಕ್ಟ್ರೇ’ ಎಂದು ಕರೆದರೆ ಮೊದಲ ದಿನವೇ ನಿಧಾನವಾಗಿ ತಿಳಿಸಬೇಕು: ‘ನಾನು ಮಾತ್ರೆ ಕೊಡೋ ಡಾಕ್ಟರಲ್ಲಮ್ಮ, ಮಾತಿನ ಮೂಲಕ ಸಹಾಯ ಮಾಡೋಳು. ಮಾತ್ರೆ ಬೇಕು ಅನ್ನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ.’

ಇಷ್ಟು ಕಾಗದದ ವಿಷಯ.

ನಮ್ಮ ವೃತ್ತಿಯಲ್ಲಿ ಎಲ್ಲರೂ ನಂಬಿರುವ ಒಂದು ಮಾತಿದೆ: ಹತ್ತು ವರ್ಷ ಕೆಲಸ ಮಾಡಿದರೆ ತಾನಾಗಿ ಪಳಗುತ್ತೇವೆ. ಅಮೆರಿಕದಲ್ಲಿ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. 170 ಚಿಕಿತ್ಸಕರು, ಅವರ ಬಳಿ ಬಂದ ಆರೂವರೆ ಸಾವಿರಕ್ಕೂ ಹೆಚ್ಚು ಜನ. ವರ್ಷ ಕಳೆದಂತೆ ಚಿಕಿತ್ಸಕರ ಫಲಿತಾಂಶ ಸರಾಸರಿಯಲ್ಲಿ ಏರಲಿಲ್ಲ, ತೀರ ಸ್ವಲ್ಪ ಇಳಿದಿತ್ತು. ಒಬ್ಬೊಬ್ಬರನ್ನಾಗಿ ನೋಡಿದರೆ ಮೇಲೇರಿದವರೂ ಇದ್ದರು. 2012ರ ಇನ್ನೊಂದು ಅಧ್ಯಯನದಲ್ಲಿ ವಾಲ್‌ಫಿಶ್ ಮತ್ತು ಸಂಗಡಿಗರು 129 ವೃತ್ತಿಪರರನ್ನು ‘ನಿಮ್ಮ ಕೌಶಲಕ್ಕೆ ನೀವೇ ಅಂಕ ಕೊಟ್ಟುಕೊಳ್ಳಿ’ ಎಂದು ಕೇಳಿದರು. ತಾನು ಸರಾಸರಿಗಿಂತ ಕೆಳಗಿದ್ದೇನೆ ಎಂದವರು ಒಬ್ಬರೂ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನಾವು ಬೆಳೆಯುತ್ತಿಲ್ಲ ಎಂಬುದು ನಮಗೇ ಗೊತ್ತಾಗದಂತೆ ಈ ಕೆಲಸ ಕಟ್ಟಿಕೊಂಡಿದೆ. ಶಸ್ತ್ರಚಿಕಿತ್ಸಕರ ಕೆಲಸವನ್ನು ನರ್ಸ್ ನೋಡುತ್ತಾರೆ, ಅರಿವಳಿಕೆ ವೈದ್ಯರು ನೋಡುತ್ತಾರೆ. ನಮ್ಮ ಕೆಲಸವನ್ನು ನೋಡುವವರು ಎದುರಿಗೆ ಕೂತವರೊಬ್ಬರೇ. ಅವರಿಗೆ ಸರಿಹೋಗದಿದ್ದರೆ ನಮ್ಮ ಮುಖದೆದುರು ಹೇಳುವುದಿಲ್ಲ, ಮುಂದಿನ ವಾರ ಬರುವುದಿಲ್ಲ, ಅಷ್ಟೇ.

ಅದಕ್ಕೇ ಸೂಪರ್‌ವಿಷನ್, ಅಂದರೆ ನಮ್ಮ ಕೆಲಸವನ್ನು ಅನುಭವಿಗಳೊಬ್ಬರ ಮುಂದಿಟ್ಟು ತಿದ್ದಿಸಿಕೊಳ್ಳುವುದು. ತರಬೇತಿಯ ಕಾಲದಲ್ಲಿ ಕಡ್ಡಾಯವಾಗಿರುವ ಇದನ್ನು ಕೆಲಸ ಸಿಕ್ಕ ಮರುದಿನ ಬಿಟ್ಟುಬಿಡುತ್ತೇವೆ. ಮೊದಲ ಐದು ವರ್ಷವಾದರೂ ವಾರಕ್ಕೆ ಒಂದು ಗಂಟೆ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಗಂಟೆಗೆ ಕೇಸಿನ ಸಾರಾಂಶ ತರುವುದರಿಂದ ಪ್ರಯೋಜನವಿಲ್ಲ. ಸಾರಾಂಶ ಬರೆಯುವಾಗಲೇ ನಮಗೆ ಬೇಡದ್ದು ಜರಡಿಯಲ್ಲಿ ಕೆಳಗೆ ಹೋಗಿರುತ್ತದೆ. ಲಿಖಿತ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣದಿಂದ ಹತ್ತು ನಿಮಿಷದ ಮಾತನ್ನು ಇದ್ದಹಾಗೇ ಕನ್ನಡದಲ್ಲಿ ಬರೆದು ತನ್ನಿ. ಪುಟವನ್ನು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಅವರು ಹೇಳಿದ್ದು, ಎರಡನೆಯದರಲ್ಲಿ ನೀವು ಹೇಳಿದ್ದು, ಮೂರನೆಯದರಲ್ಲಿ ಆ ಕ್ಷಣ ನಿಮ್ಮೊಳಗೆ ಆದದ್ದು: ಬೇಸರ, ಗಾಬರಿ, ಗಡಿಯಾರ ನೋಡಬೇಕೆನಿಸಿದ್ದು, ಇವರನ್ನು ಮೆಚ್ಚಿಸಬೇಕೆನಿಸಿದ್ದು. ನಿಜವಾದ ಕೆಲಸ ನಡೆಯುವುದು ಮೂರನೆಯ ಕಾಲಂನಲ್ಲಿ. ಧ್ವನಿಮುದ್ರಣಕ್ಕೆ ಒಪ್ಪದವರಿದ್ದರೆ ಒತ್ತಾಯಿಸಬೇಡಿ. ಅವರು ಹೊರಟ ಹತ್ತು ನಿಮಿಷದೊಳಗೆ ನೆನಪಿನಿಂದ ಬರೆಯಿರಿ. ಸಂಜೆಗೆ ಬಿಟ್ಟರೆ ನೀವು ಹೇಳಿದ ಮಾತು ನೆನಪಿನಲ್ಲಿ ಚಂದವಾಗಿಬಿಡುತ್ತದೆ.

ಇದು ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಚೆನ್ನಾಗಿ ನಡೆದ ಸೆಷನ್ನನ್ನೇ ಆರಿಸಿ ತರುವುದು. ಎರಡು, ಗುರುಗಳ ಮುಂದೆ ಬಾಯಿ ತೆರೆಯದಿರುವುದು. ಹಿರಿಯರು ಹೇಳಿದ್ದಕ್ಕೆ ‘ಸರಿ ಸಾರ್’ ಎಂದು ಎದ್ದುಬರುವ ಅಭ್ಯಾಸ ನಮಗೆ ಮನೆಯಿಂದಲೇ ಬಂದಿದೆ. ಹಾಗಾಗಿ ಸೂಪರ್‌ವೈಸರ್ ಆದವರು ಉತ್ತರ ಕೊಡುವ ಮೊದಲು ‘ಇಲ್ಲಿ ನಿಮಗೆ ಏನು ಹೇಳೋಕೆ ಆಗಲಿಲ್ಲ?’ ಎಂದು ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಒಬ್ಬರೇ ಇರುವವರು ತಮ್ಮ ಸಂಬಳ-ರಜೆ ನೋಡುವ ಅಧಿಕಾರಿಯನ್ನು ಸೂಪರ್‌ವೈಸರ್ ಮಾಡಿಕೊಳ್ಳಬಾರದು. ತಪ್ಪನ್ನು ತೋರಿಸಿಕೊಳ್ಳಲು ಅಲ್ಲಿ ಮನಸ್ಸು ಬರುವುದಿಲ್ಲ.

ಹೊಸಬರ ಬರಹಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬುದ್ಧಿಮಾತು. ನಾಗಮಂಗಲದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ ಎಂದು ಊಹಿಸಿಕೊಳ್ಳಿ. ‘ರಾತ್ರಿ ನಿದ್ದೆ ಬರಲ್ಲ ಅಕ್ಕ, ಎದೆ ಒಳಗೆ ಏನೋ ಕಟ್ಕೊಂಡಂಗೆ ಆಯ್ತದೆ, ಅವರು ಕುಡ್ಕೊಂಡು ಬಂದಾಗ್ಲಂತೂ...’ ಅಂತ ನಿಲ್ಲಿಸುತ್ತಾಳೆ. ಆ ನಿಂತ ಜಾಗದಲ್ಲೇ ಸಮಾಲೋಚಕಿ ‘ನೋಡಮ್ಮ, ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು, ಮಕ್ಕಳಿದಾವೆ’ ಎಂದುಬಿಡುತ್ತಾಳೆ. ಆ ಹೆಣ್ಣುಮಗಳು ಇದನ್ನು ಅತ್ತೆಯಿಂದ, ತಾಯಿಯಿಂದ, ನೆರೆಯವರಿಂದ ಕೇಳಿಯೇ ಬಂದಿರುತ್ತಾಳೆ. ಹೊಡೆತದ ಮಾತು ಬಾಯಿಗೆ ಬರುವ ಮುಂಚೆಯೇ ಬಾಗಿಲು ಮುಚ್ಚಿತು. ಕೇಳಬೇಕಾದ್ದು ಹೀಗೆ: ‘ಅವರು ಕುಡ್ಕೊಂಡು ಬಂದಾಗ ಏನಾಯ್ತದೆ? ಕೈ ಮಾಡ್ತಾರಾ? ಮಕ್ಕಳ ಮೇಲೂ?’ ಹೌದೆಂದರೆ ಜೀವದ ಅಪಾಯ ಎಷ್ಟಿದೆ, ರಾತ್ರೋರಾತ್ರಿ ಹೊರಡಬೇಕಾದರೆ ಯಾರ ಮನೆ, ದಾಖಲೆಪತ್ರ ಎಲ್ಲಿದೆ ಎಂದು ನೋಡಬೇಕು. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಇರುವ ಸಂರಕ್ಷಣಾಧಿಕಾರಿ, ಎರಡರ ಬಗ್ಗೆಯೂ ಹೇಳಬೇಕು. ಹೋಗುವುದೋ ಬಿಡುವುದೋ ಅವಳ ತೀರ್ಮಾನ. ಹಾಗೆಯೇ ಅವಳ ದೂರನ್ನು ಅವಳ ಮಾತಲ್ಲೇ ಬರೆದುಕೊಳ್ಳಿ. ಬರೀ ‘ಆಂಕ್ಸೈಟಿ’ ಎಂದು ಬರೆದರೆ ಮುಂದಿನ ವಾರ ‘ಆ ಕಟ್ಕೊಳ್ಳೋದು ಹೆಂಗಿದೆ?’ ಎಂದು ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ವೈಯಕ್ತಿಕ ಬೆಳವಣಿಗೆ ಎಂದು ನಾನು ಕರೆಯುವುದು ನಮ್ಮ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಕಂಡುಕೊಳ್ಳುವುದನ್ನೇ. ಜಾತಿ ಬಿಟ್ಟು ಮದುವೆಯಾಗಲು ಹೊರಟ ಹುಡುಗಿ ಮತ್ತು ಅವಳ ಅಪ್ಪ ಒಟ್ಟಿಗೆ ಬಂದಾಗ ನಿಮ್ಮ ಮನಸ್ಸು ಯಾರ ಕಡೆ ಹೋಯಿತು? ದೇವರು ಮೈಮೇಲೆ ಬರುತ್ತದೆ ಎಂದವರ ಮುಂದೆ ನಿಮ್ಮ ತುಟಿಯಲ್ಲಿ ನಗು ಸುಳಿಯಿತೇ, ಅಥವಾ ಭಯವಾಯಿತೇ? ಕಾರ್ಖಾನೆಯಿಂದ ಕಬ್ಬಿನ ಹಣ ಬಾರದೆ ಸಾಲದಲ್ಲಿರುವ ರೈತನಿಗೆ ‘ಪಾಸಿಟಿವ್ ಆಗಿ ಯೋಚಿಸಿ’ ಎಂದಿರಾ? ಪ್ರತಿ ಸೆಷನ್ನಿನ ನಂತರ ಒಂದು ಸಾಲು ಬರೆಯಿರಿ: ಇವತ್ತು ನಾನು ಯಾರ ಪಕ್ಷ ವಹಿಸಿದೆ. ಮೂರು ತಿಂಗಳ ಸಾಲುಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಮನೆ, ನಿಮ್ಮ ಊರು, ನಿಮ್ಮ ಅಪ್ಪ-ಅಮ್ಮ ಅಲ್ಲಿ ಕಾಣಿಸುತ್ತಾರೆ. ಆಮೇಲೆ ಸಾಧ್ಯವಾದರೆ ಸ್ವಂತಕ್ಕೆ ಒಬ್ಬ ಚಿಕಿತ್ಸಕರನ್ನು ಹುಡುಕಿಕೊಳ್ಳಿ. ಬೇರೆ ಊರಿನವರಾದರೆ ಒಳ್ಳೆಯದು, ನಿಮಗೆ ಪಾಠ ಹೇಳಿದವರು ಬೇಡ. ಸೂಪರ್‌ವಿಷನ್ನು ಚಿಕಿತ್ಸೆಯಾಗಬಾರದು. ಅಲ್ಲಿ ನಿಮ್ಮ ಬಾಲ್ಯ ಮಾತಿಗೆ ಬರುವುದು ಎದುರಿಗೆ ಕೂತವರಿಗೆ ಅದರಿಂದ ಏನಾಗುತ್ತಿದೆ ಎಂಬಷ್ಟಕ್ಕೆ ಮಾತ್ರ.

ಮೊದಲ ಭೇಟಿಯ ಕಟ್ಟುನಿಟ್ಟು ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಒಬ್ಬರೇ ಬರುವುದು ಕಡಿಮೆ. ಅಣ್ಣ, ಅತ್ತಿಗೆ, ಭಾವ, ಕೆಲವೊಮ್ಮೆ ಊರಿನ ಮುಖಂಡರೂ ಜೊತೆಗಿರುತ್ತಾರೆ. ಅವರನ್ನು ಹೊರಗೆ ಕೂರಿಸಿದರೆ ಎರಡನೇ ಸಲ ಕರೆದುಕೊಂಡು ಬರುವವರೇ ಇರುವುದಿಲ್ಲ. ಒಳಗೇ ಕೂರಿಸಿಕೊಂಡರೆ ಬಂದವರು ಬಾಯಿ ಬಿಡುವುದಿಲ್ಲ. ಐವತ್ತು ನಿಮಿಷದಲ್ಲಿ ಮೊದಲ ಹತ್ತು ಎಲ್ಲರೊಂದಿಗೆ, ನಡುವಿನ ಮೂವತ್ತು ಅವರೊಬ್ಬರೊಂದಿಗೆ, ಕೊನೆಯ ಹತ್ತು ಮತ್ತೆ ಎಲ್ಲರೊಂದಿಗೆ. ಕೊನೆಗೆ ಮನೆಯವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ನಡುವಿನ ಮೂವತ್ತರಲ್ಲೇ ಕೇಳಿಟ್ಟುಕೊಳ್ಳಿ. ಗೋಪ್ಯತೆಯ ಮಾತನ್ನು ಎಲ್ಲರ ಎದುರೇ ಆಡಿ: ‘ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಆದ್ರೆ ಇವರ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದ್ರೆ, ಕೋರ್ಟ್ ಕೇಳಿದ್ರೆ, ನಾನು ಹೇಳ್ಬೇಕಾಗ್ತದೆ.’ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿಯೇ ಕೊಡುತ್ತದೆ, ವಿನಾಯಿತಿಗಳನ್ನೂ ಹೇಳುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಮನೆಯವರೇ ಬೇಡ ಅಂದ್ರು’ ಎಂಬುದು ಅಲ್ಲಿ ನಡೆಯುವುದಿಲ್ಲ. ಈ ಮಾತನ್ನು ಮೊದಲ ದಿನ ಹೇಳದೆ, ಮಗು ಎಲ್ಲವನ್ನೂ ಹೇಳಿಕೊಂಡ ಮೇಲೆ ಹೇಳಿದರೆ ಅದರ ಪಾಲಿಗೆ ಮತ್ತೊಬ್ಬ ದೊಡ್ಡವರು ನಂಬಿಕೆ ಮುರಿದಂತೆ.

ಆತ್ಮಹತ್ಯೆಯ ಬಗ್ಗೆ ಕೇಳಲು ಹೊಸಬರು ಹೆದರುತ್ತಾರೆ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು. ಸುತ್ತಿ ಬಳಸದೆ ಕೇಳಿ: ‘ಇಷ್ಟು ಕಷ್ಟದಲ್ಲಿ ಸಾಯ್ಬೇಕು ಅಂತ ಅನ್ನಿಸಿದ್ದುಂಟಾ?’ ಹೌದೆಂದರೆ ಗಾಬರಿಯಾಗಿ ಮನೆಯವರನ್ನು ಕೂಗಬೇಡಿ, ಕೂತು ಸುರಕ್ಷಾ ಯೋಜನೆ ಮಾಡಿ. ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಯೋಜನೆಗೆ ಆರು ಹಂತ: ಕಷ್ಟ ಏರುತ್ತಿದೆ ಎಂದು ತೋರಿಸುವ ಲಕ್ಷಣ, ಒಬ್ಬರೇ ಮಾಡಿಕೊಳ್ಳಬಹುದಾದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಮನೆಯವರು ಮತ್ತು ಗೆಳೆಯರು, ವೃತ್ತಿಪರರ ನಂಬರು, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಮಾಡುವುದು. ಮಂಡ್ಯ ಜಿಲ್ಲೆಯಲ್ಲಿ ಈ ಆರನೆಯದು ಎಲ್ಲಕ್ಕಿಂತ ತುರ್ತಿನದು. ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೇ ಇರುತ್ತದೆ. ತೀವ್ರವಾದ ಆವೇಗ ಬಹಳ ಸಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಡಬ್ಬಿ ಯಾರ ಮನೆಗೆ ಹೋಗಬೇಕು, ಇವತ್ತು ಸಂಜೆ ಯಾರು ತೆಗೆದುಕೊಂಡು ಹೋಗುತ್ತಾರೆ ಎಂದು ಅವರ ಒಪ್ಪಿಗೆಯಿಂದ ಮನೆಯವರೊಬ್ಬರ ಹೆಸರು ಹಿಡಿದು ನಿರ್ಧರಿಸಿ, ರಾತ್ರಿ ಫೋನು ಮಾಡಿ ಕೇಳಿ. ಯೋಜನೆ ಬರೆದ ಕಾಗದದ ಒಂದು ಪ್ರತಿ ಅವರ ಕಿಸೆಯಲ್ಲಿರಲಿ, ಅದರ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ದೊಡ್ಡದಾಗಿ ಬರೆದಿರಲಿ. ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಜನೆ, ಅದಕ್ಕೆ ಸಾಧನ, ಸಾಯಲೇಬೇಕೆಂಬ ಉದ್ದೇಶ ಮೂರೂ ಇದ್ದರೆ ಅವತ್ತೇ ಮನೋವೈದ್ಯರ ಬಳಿ ಕಳುಹಿಸಬೇಕು, ಒಬ್ಬರನ್ನೇ ಬಿಡಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಮುಂದಿನ ತಪಾಸಣೆಗಳಿಗೆ ಸರಿ, ಇಂಥ ತುರ್ತಿಗೆ ಮಂಗಳವಾರದ ತನಕ ಕಾಯುವಂತಿಲ್ಲ.

ಬುದ್ಧಿಮಾಪನ ಪರೀಕ್ಷೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಿನೆ-ಕಾಮತ್ ಪರೀಕ್ಷೆ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ಹೊಂದಿಸಿದ್ದೆಂಬುದು ನಮಗೆ ದೊಡ್ಡ ಅನುಕೂಲ, ಆದರೆ ಮಗುವಿನ ಅಂಕವನ್ನು ಹೋಲಿಸಿ ನೋಡುವ ಅದರ ಮಾನಕಗಳು ತೀರ ಹಳೆಯವು. ಬರೀ ಅಂಕದ ಮೇಲೆ ಮಗುವಿನ ಭವಿಷ್ಯ ಬರೆಯಬೇಡಿ. ವೈನ್‌ಲ್ಯಾಂಡ್ ಸಾಮಾಜಿಕ ಪರಿಪಕ್ವತೆಯ ಮಾಪನ ಜೊತೆಗಿರಲಿ, ಶಾಲೆಯ ನೋಟ್‌ಬುಕ್ ನೋಡಿ. ಮಳವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹೊಟ್ಟೆಗಿಲ್ಲದೆ ಬಂದ ಮಗುವಿಗೆ ಹನ್ನೆರಡು ಗಂಟೆಗೆ ಪರೀಕ್ಷೆ ಕೊಟ್ಟರೆ ನೀವು ಅಳೆಯುವುದು ಹಸಿವನ್ನು. ಮೊದಲು ಊಟ, ಆಟ, ಆಮೇಲೆ ಪರೀಕ್ಷೆ.

ಸಣ್ಣ ಊರಿನ ಗಡಿಗಳು ಪಠ್ಯದಲ್ಲಿರುವಷ್ಟು ನೇರವಲ್ಲ. ಬಂದವರು ನಿಮ್ಮ ಮಗಳ ಟೀಚರ್ ಆಗಿರಬಹುದು, ದೇವರಾಜ ಮಾರುಕಟ್ಟೆಯಲ್ಲಿ ಎದುರಾಗಬಹುದು. ‘ಹೊರಗೆ ಸಿಕ್ಕಾಗ ನಾನಾಗಿ ಮಾತಾಡಿಸಲ್ಲ, ನೀವು ಮಾತಾಡಿಸಿದ್ರೆ ಮಾತಾಡ್ತೀನಿ’ ಎಂದು ಮೊದಲೇ ಹೇಳಿಟ್ಟರೆ ಇಬ್ಬರಿಗೂ ಹಗುರ. ಒಂದು ಅಚ್ಚು ಬೆಲ್ಲ, ನಾಲ್ಕು ಎಳನೀರು ತಂದರೆ ತಿರಸ್ಕರಿಸುವುದು ಅವಮಾನವಾಗುತ್ತದೆ. ತೆಗೆದುಕೊಂಡು ಟಿಪ್ಪಣಿಯಲ್ಲಿ ಬರೆದಿಡಿ. ಸೀರೆ, ಹಣ, ಮಗನಿಗೆ ಸೀಟು ಕೊಡಿಸುವ ಮಾತು ಬಂದರೆ ಬೇಡವೆನ್ನಿ. ಹತ್ತಿರದ ನೆಂಟರನ್ನು ನೋಡಲೇಬೇಡಿ, ಬೇರೆಯವರ ಹೆಸರು ಕೊಡಿ.

ಇನ್ನು ಅಳತೆ. ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ: ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಎರಡು ವಾರಕ್ಕೊಮ್ಮೆ ಕೇಳಿ, ಸಾವಿನ, ತನಗೆ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಅಂದೇ ಮಾತಾಡಿ. ಐದು ಅಂಕ ಇಳಿದರೆ ಅದು ಲೆಕ್ಕಕ್ಕೆ ಬರುವ ಬದಲಾವಣೆ. ಆರು ವಾರವಾದರೂ ಕದಲದಿದ್ದರೆ ಅದೇ ವಿಧಾನವನ್ನು ಎಳೆಯಬೇಡಿ. ಸೂಪರ್‌ವಿಷನ್ನಿಗೆ ಒಯ್ಯಿರಿ, ಥೈರಾಯ್ಡ್, ರಕ್ತಹೀನತೆ, ಕುಡಿತ ಕೇಳಿದ್ದೀರಾ ನೋಡಿ. ಓದಲು ಬಾರದವರಿಗೆ ನೀವೇ ಓದಿ ಹೇಳಬೇಕಾಗುತ್ತದೆ, ಆಗ ನಿಮ್ಮ ಮುಖ ನೋಡಿ ‘ವಾಸಿ’ ಎನ್ನುತ್ತಾರೆ. ಬೇರೆ ಸಿಬ್ಬಂದಿ ಓದಿದರೆ ಉತ್ತರ ಹೆಚ್ಚು ನಿಜವಾಗಿರುತ್ತದೆ. ಜೊತೆಗೆ ಒಂದು ರಿಜಿಸ್ಟರ್ ಇಡಿ: ಹೇಳದೆ ಬರುವುದನ್ನು ಬಿಟ್ಟವರು, ಎಷ್ಟನೇ ಭೇಟಿಯ ನಂತರ, ಕೊನೆಯ ಭೇಟಿಯಲ್ಲಿ ಏನು ನಡೆಯಿತು. ನಾಟಿ, ಕಬ್ಬು ಕಡಿಯುವ ಕಾಲದಲ್ಲಿ ಬಾರದಿರುವುದು ಬೇರೆ, ಅದನ್ನು ಪ್ರತ್ಯೇಕವಾಗಿ ಗುರುತು ಮಾಡಿ. ಹೀಗೆ ಬಾರದವರನ್ನು ಬಿಟ್ಟು ಮಿಕ್ಕವರ ಪಟ್ಟಿ ನಿಮ್ಮ ಬಗ್ಗೆ ಯಾವ ಗುರುಗಳೂ ಹೇಳದ್ದನ್ನು ಹೇಳುತ್ತದೆ.

ದಿನಕ್ಕೆ ಐದಕ್ಕಿಂತ ಹೆಚ್ಚು ಸೆಷನ್ ಬೇಡ, ನಡುವೆ ಹತ್ತು ನಿಮಿಷ ಬಿಡುವಿರಲಿ, ಆಘಾತದ ಕಥೆಗಳನ್ನು ಒಂದರ ಹಿಂದೊಂದು ಇಟ್ಟುಕೊಳ್ಳಬೇಡಿ. ಬಂದವರ ಹೆಸರು ಮರೆಯುವುದು, ಅವರು ಬಾರದಿದ್ದರೆ ನಿರಾಳವಾಗುವುದು, ಮನೆಯಲ್ಲಿ ಯಾರ ಮಾತೂ ಬೇಡವಾಗುವುದು ದಣಿವಿನ ಗುರುತು. ಆಗ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ.

ಸೂಪರ್‌ವೈಸರ್‌ಗೆ ಕೊಡಲು ಹಣವಿಲ್ಲ, ಮಂಡ್ಯದಲ್ಲಿ, ಶ್ರೀರಂಗಪಟ್ಟಣದಲ್ಲಿ ಸಿಗುವುದೂ ಇಲ್ಲ ಎನ್ನುವಿರಿ. ನಿಜ. ಹಾಗಾದರೆ ನಾಲ್ವರು ಸೇರಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ, ಒಂದು ಸಲಕ್ಕೆ ಇಬ್ಬರ ಬರಹ, ತಲಾ ನಲವತ್ತು ನಿಮಿಷ. ಹೆಸರು, ಊರು, ಕೆಲಸ ಬದಲಿಸಿ ತನ್ನಿ, ವಾಟ್ಸ್ಆ್ಯಪ್‌ನಲ್ಲಿ ಏನನ್ನೂ ಕಳುಹಿಸಬೇಡಿ, ಪ್ರತಿಗಳನ್ನು ಅಲ್ಲೇ ಹರಿದುಹಾಕಿ. ಬರೆದವರು ಓದಿ ಮುಗಿಸುವ ತನಕ ಉಳಿದವರು ಮಾತಾಡುವಂತಿಲ್ಲ, ಮೊದಲ ಹದಿನೈದು ನಿಮಿಷ ಪ್ರಶ್ನೆ ಮಾತ್ರ, ಸಲಹೆ ಬೇಡ. ಮೂರು ತಿಂಗಳಿಗೊಮ್ಮೆಯಾದರೂ ಒಬ್ಬ ಹಿರಿಯರನ್ನು ಆನ್‌ಲೈನ್‌ನಲ್ಲಿ ಸೇರಿಸಿಕೊಂಡು ಖರ್ಚನ್ನು ನಾಲ್ವರೂ ಹಂಚಿಕೊಳ್ಳಿ. ಮೊದಲ ಸಭೆಗೆ ಪ್ರತಿಯೊಬ್ಬರೂ ರಿಜಿಸ್ಟರಿನಲ್ಲಿರುವ, ಹೇಳದೆ ಬರುವುದನ್ನು ಬಿಟ್ಟವರ ಪಟ್ಟಿಯಿಂದ ಒಬ್ಬರನ್ನು ಆರಿಸಿ, ಅವರ ಕೊನೆಯ ಭೇಟಿಯ ಮೂರು ಕಾಲಂ ಬರೆದು ತರಲಿ.